ಈರುಳ್ಳಿಯಲ್ಲಿ ಹಸಿರು ಎಲ್ಲಿದೆ?

“ಕ್ಲೋರೋಪ್ಲಾಸ್ಟ್ ಎಲ್ಲಿ?” ಅಂತ ಕೇಳಿದರು ಸೈನ್ಸ್ ಮಿಸ್. ಅವರ ಕೆಂಪು ಪೆನ್ನು ಆಗಲೇ ಹಾಳೆಯ ಮೇಲೆ ಬಂದು ನಿಂತಿತ್ತು.

“ಇರಲಿಲ್ಲ ಮಿಸ್,” ಅಂದಳು ಪಟಾಕಿ.

“ಇರಲಿಲ್ಲ ಅಂದ್ರೆ? ಪುಸ್ತಕದಲ್ಲಿ ಇದೆಯಲ್ಲ, ಹಸಿರು ಕಾಳುಗಳ ಥರ.”

“ಪುಸ್ತಕದಲ್ಲಿದೆ ಮಿಸ್. ಈರುಳ್ಳಿಯಲ್ಲಿ ಇರಲಿಲ್ಲ.”

ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಅದರಲ್ಲಿ ನಗುವಂಥದ್ದು ಏನಿತ್ತೋ ದೇವರಿಗೇ ಗೊತ್ತು.

ಮಿಸ್ ನಗಲಿಲ್ಲ. ಅವರ ಮೇಜಿನ ಮೇಲೆ ಇನ್ನೂ ಒಂದು ರಾಶಿ ಹಾಳೆಗಳಿದ್ದವು, ಬೆಲ್ ಹೊಡೆಯುವ ಹೊತ್ತಾಗಿತ್ತು. “ಗಿಡದ ಕೋಶ ಅಂದಮೇಲೆ ಕ್ಲೋರೋಪ್ಲಾಸ್ಟ್ ಇರಲೇಬೇಕು. ಪುಸ್ತಕ ನೋಡಿ ಇನ್ನೊಂದ್ಸಲ ಬರಿ,” ಅಂದು ಕೆಂಪು ಪೆನ್ನಿನಿಂದ ಸರ್ರನೆ ಒಂದು ಇಂಟು ಹಾಕಿಬಿಟ್ಟರು. ಕೋಶದ ಗೋಡೆಗೆ ಒಂದು ಟಿಕ್. ನ್ಯೂಕ್ಲಿಯಸ್‌ಗೆ ಒಂದು ಟಿಕ್. ಅಷ್ಟೇ.

ಪಟಾಕಿಯ ಕಿವಿ ಬಿಸಿಯಾಯಿತು. ಅವಳಿಗೆ ಮನೆಯವರು ಇಟ್ಟ ಹೆಸರು ಬೇರೆ. ಬೇಗ ಸಿಡಿಯುತ್ತಾಳೆ ಅಂತ ಒಂದನೇ ಕ್ಲಾಸಿನಲ್ಲಿ ಯಾರೋ ಇಟ್ಟ ಈ ಹೆಸರು ಎಂಟನೇ ಕ್ಲಾಸಿಗೆ ಬಂದರೂ ಅವಳನ್ನು ಬಿಟ್ಟಿರಲಿಲ್ಲ.

ಆದರೆ ಈ ಸಲ ಸಿಡಿಯಲು ಕಾರಣವಿತ್ತು. ನೀವೇ ಕೇಳಿ, ಆಮೇಲೆ ಹೇಳಿ.

ಗೋಡೆಗೆ ಇಟ್ಟಿಗೆ ಇದ್ದ ಹಾಗೆ, ಜೀವ ಇರುವ ಎಲ್ಲದಕ್ಕೂ ಜೀವಕೋಶ. ನಿಮ್ಮ ಕೆನ್ನೆಯಲ್ಲೂ ಇದೆ, ಬಾಗಿಲ ಪಕ್ಕದ ಗಿಡದಲ್ಲೂ ಇದೆ, ಅಡುಗೆಮನೆಯ ಈರುಳ್ಳಿಯಲ್ಲೂ ಇದೆ. ಬರಿಗಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಮಿಸ್ ಒಂದು ಈರುಳ್ಳಿ ಹೆಚ್ಚಿ, ಒಳಗಿನ ತೆಳ್ಳಗಿನ ಪೊರೆ ಎಳೆದು, ಮೈಕ್ರೋಸ್ಕೋಪಿನ ಕೆಳಗೆ ಇಟ್ಟಿದ್ದರು. “ಎಲ್ಲರೂ ನೋಡಿ. ನೋಡಿದ್ದನ್ನು ಬರೀರಿ,” ಅಂದಿದ್ದರು. ಹೌದು, ಇದೇ ಮಾತು. ನೋಡಿದ್ದನ್ನು ಬರೀರಿ.

ಇಡೀ ಕ್ಲಾಸಿಗೆ ಇದ್ದದ್ದು ಒಂದೇ ಮೈಕ್ರೋಸ್ಕೋಪು. ಉದ್ದ ಕ್ಯೂ. ಹಿಂದಿನವರು ತಳ್ಳೋದು, ಮುಂದಿನವರು ಕಿರುಚೋದು. ಒಬ್ಬೊಬ್ಬರು ಹೀಗೆ ಬಗ್ಗಿ ಹಾಗೆ ಎದ್ದರು. ಬಹಳ ಜನಕ್ಕೆ ಕಂಡದ್ದು ಅವರದೇ ಕಣ್ಣಿನ ರೆಪ್ಪೆ. ಆಮೇಲೆ ಎಲ್ಲರೂ ಬೆಂಚಿಗೆ ಹೋಗಿ, ಪುಸ್ತಕ ತೆಗೆದು, ಅದರಲ್ಲಿದ್ದ ‘ಗಿಡದ ಕೋಶ’ವನ್ನು ಅಚ್ಚುಕಟ್ಟಾಗಿ ಇಳಿಸಿಕೊಂಡರು.

ಪಟಾಕಿಯ ಪಕ್ಕದಲ್ಲಿ ಕೂರುವ ಹುಡುಗಿಯ ಹತ್ತಿರ ಎಲ್ಲಾ ಬಣ್ಣದ ಸ್ಕೆಚ್‌ಪೆನ್ನುಗಳ ದೊಡ್ಡ ಡಬ್ಬಿ ಇತ್ತು. ಅವಳ ಹೆಸರೇ ಸ್ಕೆಚ್‌ಪೆನ್ ಆಗಿಹೋಗಿತ್ತು. ಅವತ್ತು ಅವಳ ಹಸಿರು ಪೆನ್ನು ಬೆಂಚಿನಿಂದ ಬೆಂಚಿಗೆ ಓಡಾಡಿತು. ಎಲ್ಲರ ಈರುಳ್ಳಿಯಲ್ಲೂ ಹಸಿರು ಕಾಳು!

ಪಟಾಕಿ ಮಾತ್ರ ಕ್ಯೂನ ಕೊನೆಯಲ್ಲಿದ್ದಳು. ಹಿಂದೆ ತಳ್ಳುವವರು ಯಾರೂ ಇರಲಿಲ್ಲ. ಸ್ಕ್ರೂ ತಿರುಗಿಸಿ ತಿರುಗಿಸಿ ಕಣ್ಣು ನೋಯುವಷ್ಟು ಹೊತ್ತು ನೋಡಿದಳು. ಉದ್ದುದ್ದ ಕೋಶಗಳು, ಒಂದಕ್ಕೊಂದು ಅಂಟಿಕೊಂಡಿದ್ದವು. ಕೆಲವು ಸೊಟ್ಟ, ಒಂದು ಹರಿದಿತ್ತು. ಒಂದು ಕೋಶದೊಳಗೆ ದಪ್ಪ ಕಪ್ಪು ಅಂಚಿನ, ದುಂಡಗಿನ ಉಂಗುರ. ಕೋಶದ ಕೆಲಸವನ್ನೆಲ್ಲ ನಡೆಸುವ ನ್ಯೂಕ್ಲಿಯಸ್ ಇದೇ ಇರಬೇಕು ಅಂತ ಬಾಣ ಎಳೆದು ಹೆಸರು ಬರೆದಳು. ಹಸಿರು ಎಲ್ಲೂ ಇರಲಿಲ್ಲ. ಅದಕ್ಕೇ ಬರೆಯಲಿಲ್ಲ.

ಈಗ ಹೇಳಿ. ಇಂಟು ಯಾರಿಗೆ ಬೀಳಬೇಕಿತ್ತು?

ಬಿದ್ದದ್ದು ಅವಳಿಗೆ. ಸ್ಕೆಚ್‌ಪೆನ್ನಿನ ಹಾಳೆಗೆ ‘ವೆರಿ ಗುಡ್’ ಬಿತ್ತು. ಅಷ್ಟೇ ಆಗಿದ್ದರೆ ಪಟಾಕಿ ಹೇಗೋ ನುಂಗಿಕೊಳ್ಳುತ್ತಿದ್ದಳು. ಶನಿವಾರ ಸೈನ್ಸ್ ಎಕ್ಸಿಬಿಷನ್ ಇತ್ತು. ಮನೆಯವರೆಲ್ಲ ನೋಡಲು ಬರುತ್ತಾರೆ. ಚಿತ್ರ ಚೆನ್ನಾಗಿ ಬರೆದವರು ಮೈಕ್ರೋಸ್ಕೋಪಿನ ಮುಂದೆ ಕೂತು ಬಂದವರಿಗೆಲ್ಲ ತೋರಿಸಬೇಕು.

“ಶನಿವಾರ ಮೈಕ್ರೋಸ್ಕೋಪಿಗೆ ಸ್ಕೆಚ್‌ಪೆನ್ ಕೂತ್ಕೊಳ್ಳಲಿ,” ಅಂದರು ಮಿಸ್. ಬೆಲ್ ಹೊಡೆಯಿತು.

ಪಟಾಕಿ ಅಮ್ಮನಿಗೆ ಆಗಲೇ ಹೇಳಿಬಿಟ್ಟಿದ್ದಳು, ಶನಿವಾರ ಅಂಗಡಿ ಮುಚ್ಚಿ ಬಾ, ನಾನೇ ನಿನಗೆ ತೋರಿಸ್ತೀನಿ ಅಂತ.

*

ಅಮ್ಮನದು ಜೆರಾಕ್ಸ್ ಅಂಗಡಿ. ಎರಡು ಮಿಷನ್ನು, ಒಂದು ಸ್ಟೂಲು, ನಿಲ್ಲಲು ಇಷ್ಟೇ ಇಷ್ಟು ಜಾಗ. ಪಟಾಕಿ ಬ್ಯಾಗನ್ನು ಧೊಪ್ಪನೆ ಎಸೆದು ಸ್ಟೂಲಿನ ಮೇಲೆ ಕೂತಳು.

“ಯಾಕೇ, ಮುಖ ಯಾಕೆ ಹಾಗೆ ಊದಿದೆ?” ಅಂದಳು ಅಮ್ಮ.

ಪಟಾಕಿ ಎಲ್ಲಾ ಹೇಳಿದಳು. ಹೇಳುತ್ತಾ ಹೇಳುತ್ತಾ ದನಿ ಏರಿತು. “ಅವರೆಲ್ಲ ನೋಡೇ ಇಲ್ಲಮ್ಮ! ನಿನ್ನ ಮಿಷನ್ ಥರ ಕಾಪಿ ಹೊಡೆದ್ರು! ನೋಡಿದವಳು ನಾನೊಬ್ಬಳೇ!”

“ಅಯ್ಯೋ, ಅಷ್ಟಕ್ಕೆ ಇಷ್ಟು ರಂಪ ಯಾಕೆ? ಹಸಿರಲ್ಲಿ ನಾಲ್ಕು ಚುಕ್ಕೆ ಇಟ್ಟುಬಿಡು. ನಿನ್ನ ಗಂಟೇನು ಹೋಗುತ್ತೆ?”

“ಇಡಲ್ಲ!”

“ಆಯ್ತು ಬಿಡು ಮಹಾರಾಣಿ, ಇಡಬೇಡ. ಕಿರುಚಬೇಡ ಅಷ್ಟೇ, ಗಿರಾಕಿ ಬಂದ್ರು.”

ಬಂದವರು ದಪ್ಪ ಮೀಸೆಯ ಒಬ್ಬ ಅಂಕಲ್. ಸ್ವಲ್ಪ ಹೊತ್ತಿನ ಮುಂಚೆ ಮಾಡಿಸಿಕೊಂಡು ಹೋದ ಕಾಪಿಗಳನ್ನು ಕೌಂಟರಿನ ಮೇಲೆ ಬಡಿದರು. “ಏನಮ್ಮಾ ಇದು? ಎಲ್ಲಾದರಲ್ಲೂ ಕಪ್ಪು ಚುಕ್ಕೆ!”

“ನಿಮ್ಮ ಒರಿಜಿನಲ್‌ನಲ್ಲೇ ಇದೆಯೇನೋ ಸರ್,” ಅಂದಳು ಅಮ್ಮ. ಒರಿಜಿನಲ್ ನೋಡಿದರೆ ಅದು ಹಾಲಿನಷ್ಟು ಬಿಳಿ. ಅಮ್ಮ ಮಿಷನ್ನಿನ ಮುಚ್ಚಳ ಎತ್ತಿ, ಬಗ್ಗಿ ನೋಡಿ, ಒದ್ದೆ ಬಟ್ಟೆ ತಗೊಂಡು ಒರೆಸಿದಳು. “ಸಾರಿ ಸರ್. ಗಾಜಿನ ಮೇಲೆ ಏನೋ ಅಂಟಿತ್ತು. ಎಲ್ಲಾ ಬೇರೆ ಮಾಡಿಕೊಡ್ತೀನಿ.”

ಪಟಾಕಿ ಇದನ್ನು ಅರ್ಧಂಬರ್ಧ ನೋಡಿದಳು. ಅವಳ ತಲೆ ತುಂಬ ಕೆಂಪು ಇಂಟು ಇತ್ತು.

*

ಮರುದಿನ ಊಟದ ಬೆಲ್ ಆದ ತಕ್ಷಣ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಪಕ್ಕದಲ್ಲಿ ಸ್ಕೆಚ್‌ಪೆನ್. ಅವಳನ್ನು ಪಟಾಕಿಯೇ ಕೈ ಹಿಡಿದು ಎಳೆದುಕೊಂಡು ಬಂದಿದ್ದಳು.

“ಮಿಸ್, ಇನ್ನೊಂದ್ಸಲ ನೋಡಬೇಕು.”

ಮಿಸ್ ಆಗಷ್ಟೇ ಡಬ್ಬಿ ತೆರೆದಿದ್ದರು. “ಏನು ಹಠಾನೇ ನಿಂದು! ನೋಡಿ ಏನು ಮಾಡ್ತೀಯ?”

“ಹಸಿರು ಇದ್ರೆ ಬರೀತೀನಿ ಮಿಸ್. ಇಲ್ದೇ ಇದ್ರೆ ನೀವು ಇಂಟು ತೆಗೀಬೇಕು.”

ಸ್ಕೆಚ್‌ಪೆನ್ ಗಾಬರಿಯಿಂದ ಅವಳ ಅಂಗಿ ಎಳೆದಳು. ಮಿಸ್ ಒಂದು ಕ್ಷಣ ಅವಳನ್ನೇ ನೋಡಿದರು. ಆಮೇಲೆ ಲ್ಯಾಬಿನ ಬೀಗದಕೈ ಕೊಟ್ಟರು. “ಹೋಗಿ ಸ್ಲೈಡ್ ರೆಡಿ ಮಾಡಿ. ಬಣ್ಣ ಹಿಡಿಯೋಕೆ ಅಯೋಡಿನ್ ಹಾಕಿ, ಮೊನ್ನೆ ನಾನು ಅವಸರದಲ್ಲಿ ಹಾಕಿರಲಿಲ್ಲ. ಊಟ ಮುಗಿಸಿ ಬರ್ತೀನಿ.”

ಲ್ಯಾಬಿನಲ್ಲಿ ಇಬ್ಬರೂ ಸೇರಿ ಈರುಳ್ಳಿ ಹೆಚ್ಚಿದರು, ಕಣ್ಣೀರು ಒರೆಸಿಕೊಂಡರು. ಪೊರೆ ಎಳೆದು ಗಾಜಿನ ಸ್ಲೈಡಿನ ಮೇಲೆ ಹರಡಿ, ಒಂದು ತೊಟ್ಟು ನೀರು, ಒಂದು ತೊಟ್ಟು ಅಯೋಡಿನ್ ಬಿಟ್ಟರು. ಪಟಾಕಿಗೆ ಎಲ್ಲಿಲ್ಲದ ಅವಸರ. ಮೇಲೆ ಮುಚ್ಚುವ ತೆಳು ಗಾಜಿನ ಚೂರನ್ನು ಟಪ್ ಅಂತ ಕೂರಿಸಿಬಿಟ್ಟಳು.

“ನೀನೇ ಮೊದಲು ನೋಡು,” ಅಂದಳು.

ಸ್ಕೆಚ್‌ಪೆನ್ ಬಗ್ಗಿದಳು. ಈ ಸಲ ಹಿಂದೆ ತಳ್ಳುವವರಿರಲಿಲ್ಲ. “ಅಬ್ಬಾ! ಎಷ್ಟೊಂದು ಇದೆ ಕಣೇ! ಮೊನ್ನೆ ನನಗೆ ಏನೂ ಕಂಡಿರಲಿಲ್ಲ.” ಸ್ಲೈಡನ್ನು ಆಚೆ ಈಚೆ ಸರಿಸಿದಳು. “ಹಸಿರು... ಹಸಿರು ಎಲ್ಲೇ?”

“ನನ್ನನ್ನೇನು ಕೇಳ್ತೀಯ? ನಿನ್ನ ಪೆನ್ನನ್ನು ಕೇಳು!”

ಸ್ಕೆಚ್‌ಪೆನ್ನಿನ ಮುಖ ಸಣ್ಣದಾಯಿತು. ಪಟಾಕಿಗೆ ಮಾತ್ರ ಹೊಟ್ಟೆ ತುಂಬಿದಷ್ಟು ಖುಷಿ. “ಸರಿ, ನನ್ನ ನ್ಯೂಕ್ಲಿಯಸ್ ತೋರಿಸ್ತೀನಿ, ಜರುಗು,” ಅಂತ ಕಣ್ಣಿಟ್ಟಳು.

ಉಂಗುರ ಇತ್ತು. ದಪ್ಪ ಕಪ್ಪು ಅಂಚು, ಅದೇ ದುಂಡು. ಆದರೆ ಅದು ಕೋಶದ ಒಳಗೆ ಕೂತಿರಲಿಲ್ಲ. ಎರಡು ಕೋಶಗಳ ನಡುವಿನ ಗೋಡೆಯ ಮೇಲೇ ಕೂತಿತ್ತು.

ಪಟಾಕಿ ಹುಬ್ಬು ಗಂಟಿಕ್ಕಿದಳು. ಪೆನ್ಸಿಲಿನ ಹಿಂಬದಿಯಿಂದ ಮೇಲಿನ ಗಾಜನ್ನು ಮೆಲ್ಲಗೆ ಒತ್ತಿದಳು. ಉಂಗುರ ಜಾರಿತು. ಗೋಡೆ ದಾಟಿ ಪಕ್ಕದ ಕೋಶಕ್ಕೆ ಹೋಯಿತು. ಇನ್ನೊಮ್ಮೆ ಒತ್ತಿದಳು. ಇನ್ನೊಂದು ಗೋಡೆ ದಾಟಿತು.

ನ್ಯೂಕ್ಲಿಯಸ್ ಎಲ್ಲಾದರೂ ಹೀಗೆ ಮನೆಯಿಂದ ಮನೆಗೆ ಹೋಗುತ್ತದೆಯೇ?

ಅವಳಿಗೆ ಅಮ್ಮನ ಒದ್ದೆ ಬಟ್ಟೆ ನೆನಪಾಯಿತು. ಆ ಹಾಲು ಬಿಳಿ ಹಾಳೆ ನೆನಪಾಯಿತು.

“ಥೂ,” ಅಂದಳು ಪಟಾಕಿ. “ಗುಳ್ಳೆ ಕಣೇ ಇದು. ನೀರಲ್ಲಿ ಗಾಳಿ ಸಿಕ್ಕಿಹಾಕಿಕೊಂಡಿದೆ. ಈರುಳ್ಳೀದೇ ಅಲ್ಲ!”

ಈಗ ಸರಿಯಾಗಿ ನೋಡಿದರೆ ಒಂದೊಂದು ಕೋಶದಲ್ಲೂ ಒಂದೊಂದು ಸಣ್ಣ ಕಂದು ಚುಕ್ಕೆ, ಗೋಡೆಗೆ ಒರಗಿಕೊಂಡು ಕೂತಿತ್ತು. ಎಷ್ಟು ಒತ್ತಿದರೂ ತನ್ನ ಕೋಶ ಬಿಟ್ಟು ಹೋಗಲಿಲ್ಲ. ನಿಜವಾದ ನ್ಯೂಕ್ಲಿಯಸ್ ಅದು. ಮೊನ್ನೆ ಬಣ್ಣ ಹಿಡಿಯದೆ ಕಂಡಿರಲಿಲ್ಲ.

“ಅಂದ್ರೆ ನಿಂದೂ ತಪ್ಪು,” ಅಂದಳು ಸ್ಕೆಚ್‌ಪೆನ್. ಚುಚ್ಚಿ ಹೇಳಲಿಲ್ಲ. ಸ್ವಲ್ಪ ಯೋಚಿಸಿ ದನಿ ಇಳಿಸಿದಳು. “ಆದ್ರೆ ಮಿಸ್ ಅದಕ್ಕೆ ಟಿಕ್ ಹಾಕಿದ್ದಾರೆ. ಅವರಿಗೆ ಗೊತ್ತಾಗಿಲ್ಲ. ನೀನು ಸುಮ್ಮನಿದ್ದುಬಿಡು.”

ಹೊರಗೆ ಚಪ್ಪಲಿಯ ಸದ್ದು ಕೇಳಿಸಿತು.

ಮಿಸ್ ಬಂದು, ಕನ್ನಡಕ ತೆಗೆದಿಟ್ಟು, ಕಣ್ಣಿಟ್ಟರು. ಸ್ಲೈಡನ್ನು ಎಡಕ್ಕೆ ಸರಿಸಿದರು, ಬಲಕ್ಕೆ ಸರಿಸಿದರು. ಬಹಳ ಹೊತ್ತು ಎದ್ದೇಳಲೇ ಇಲ್ಲ.

“ಹಸಿರಿಲ್ಲ,” ಅಂದರು ಕೊನೆಗೆ. ತಮಗೆ ತಾವೇ ಹೇಳಿಕೊಂಡ ಹಾಗಿತ್ತು. “ಹೇಗೆ ಇರುತ್ತೆ? ಬಿಸಿಲಲ್ಲಿ ಆಹಾರ ತಯಾರು ಮಾಡೋದು ಎಲೆ. ಕ್ಲೋರೋಪ್ಲಾಸ್ಟ್ ಬೇಕಾಗಿರೋದು ಅದಕ್ಕೆ. ಈ ಬಿಳಿ ಈರುಳ್ಳಿ ಬೆಳೆಯೋದು ಮಣ್ಣೊಳಗೆ, ಕತ್ತಲಲ್ಲಿ. ಇದನ್ನೆಲ್ಲ ನಾನೇ ಪಾಠ ಮಾಡಿದೀನಿ. ಆದ್ರೂ ಪುಸ್ತಕದ ಚಿತ್ರ ಪಕ್ಕದಲ್ಲಿಟ್ಕೊಂಡು ತಿದ್ದಿಬಿಟ್ಟೆ.” ಪಟಾಕಿಯ ಕಡೆ ತಿರುಗಿದರು. “ನಿನ್ನ ಹಾಳೆ ಕೊಡು.”

ಇಂಟಿನ ಮೇಲೆ ಗೀಟು ಎಳೆದು, ಪಕ್ಕದಲ್ಲಿ ದೊಡ್ಡದಾಗಿ ಟಿಕ್ ಹಾಕಿದರು. “ತಪ್ಪು ನಂದು. ಶನಿವಾರ ನೀನೇ ಕೂತ್ಕೊ.”

ಇದೇ ಬೇಕಿತ್ತು ಅವಳಿಗೆ. ನಿನ್ನೆಯಿಂದ ಇದನ್ನೇ ಕನಸು ಕಂಡಿದ್ದಳು. ಅಮ್ಮ ಬರುತ್ತಾಳೆ, ಬಗ್ಗುತ್ತಾಳೆ, ಇದೇನೇ ಅಂತ ಕೇಳುತ್ತಾಳೆ. ಹಾಳೆ ಮತ್ತೆ ಅವಳ ಕೈಗೆ ಬಂತು. ಬಾಣದ ತುದಿಯಲ್ಲಿ ಕಪ್ಪು ಉಂಗುರ, ಉಂಗುರದ ಪಕ್ಕದಲ್ಲಿ ಕೆಂಪು ಟಿಕ್.

ಸ್ಕೆಚ್‌ಪೆನ್ ಕಣ್ಣಲ್ಲೇ ಬೇಡ ಬೇಡ ಅಂದಳು.

ಪಟಾಕಿ ಜೇಬಿನಿಂದ ರಬ್ಬರ್ ತೆಗೆದಳು. ಉಂಗುರವನ್ನು ಉಜ್ಜತೊಡಗಿದಳು.

“ಏ, ಏ! ಅದು ಸರಿ ಇದೆಯಲ್ಲೇ!” ಅಂದರು ಮಿಸ್.

“ಇಲ್ಲ ಮಿಸ್. ಅದು ಗುಳ್ಳೆ.” ಅವಳ ಮುಖ ಕೆಂಪಾಗಿತ್ತು. “ಗೋಡೆ ದಾಟಿ ಓಡಾಡುತ್ತೆ. ಬೇಕಿದ್ರೆ ಒತ್ತಿ ನೋಡಿ.”

ಮಿಸ್ ಪೆನ್ಸಿಲ್ ಇಸಿದುಕೊಂಡು ಒತ್ತಿ ನೋಡಿದರು. ಮತ್ತೆ ಒತ್ತಿದರು. ಆಮೇಲೆ ನಗು ತಡೆಯಲಾಗದೆ ಜೋರಾಗಿ ನಕ್ಕರು. “ಸರಿ ಇದ್ದದ್ದಕ್ಕೆ ಇಂಟು ಹಾಕಿದೀನಿ, ಗುಳ್ಳೆಗೆ ಟಿಕ್ ಹಾಕಿದೀನಿ. ಚೆನ್ನಾಗಿದೆ ನನ್ನ ಕತೆ! ಈಗ ಎಲ್ಲರ ಹಾಳೆಯನ್ನೂ ಮತ್ತೆ ತಿದ್ದಬೇಕು ಕಣಮ್ಮಾ ನಾನು.”

“ಮತ್ತೆ ಶನಿವಾರ?” ಅಂತ ಕೇಳಿದವಳು ಸ್ಕೆಚ್‌ಪೆನ್. ಪಟಾಕಿಗೆ ಕೇಳಲು ಧೈರ್ಯವಿರಲಿಲ್ಲ.

“ಇಬ್ಬರೂ ಕೂತ್ಕೊಳ್ಳಿ. ಆದ್ರೆ ಮೊದಲು ಇಬ್ಬರೂ ಹೊಸದಾಗಿ ಬರೀರಿ.” ಮಿಸ್ ಕನ್ನಡಕ ಹಾಕಿಕೊಂಡು ಹೋದರು.

ಪಟಾಕಿ ಸ್ಟೂಲಿನ ಮೇಲೆ ಕೂತಳು. ನಿನ್ನೆಯಿಂದ ಹೊತ್ತುಕೊಂಡು ತಿರುಗಿದ ಸಿಟ್ಟನ್ನು ಹುಡುಕಿದಳು. ಅದೆಲ್ಲೋ ಇಳಿದುಹೋಗಿತ್ತು. ಹಾಳೆಯಲ್ಲಿ ಉಂಗುರವಿದ್ದ ಜಾಗ ಬೂದು ಬಣ್ಣಕ್ಕೆ ತಿರುಗಿತ್ತು, ಕೆಂಪು ಟಿಕ್ ಮಾತ್ರ ಖಾಲಿ ಜಾಗದ ಪಕ್ಕ ಒಂದೇ ನಿಂತಿತ್ತು. ರಬ್ಬರಿಗೆ ಅದು ಅಳಿಯುವುದಿಲ್ಲ.

“ನನ್ನ ಹಸಿರು ಪೆನ್ ಕೊಡಲೇನೇ?” ಅಂತ ಸ್ಕೆಚ್‌ಪೆನ್ ರೇಗಿಸಿದಳು.

“ಕಂದು ಇದ್ರೆ ಕೊಡು.”

ಪಟಾಕಿ ಹೊಸ ಹಾಳೆ ತೆಗೆದಳು. ಬರೆಯುವ ಮೊದಲು ಪೆನ್ಸಿಲಿನ ತುದಿಯಿಂದ ಗಾಜನ್ನು ಮೆಲ್ಲಗೆ ತಟ್ಟಿದಳು. ಆಮೇಲೆ ಕಣ್ಣಿಟ್ಟಳು.