ಹುಸಿಮಿಂಚು ಹೋದ ದಾರಿ

ನೀಲಿ ಗೆರೆಯೊಂದು ತಗಡಿನ ಛಾವಣಿಯಿಂದ ಸರ್ರನೆ ಇಳಿದು, ಗೋಡೆಗುಂಟ ಹರಿದು, ಬಚ್ಚಲಿನ ಹತ್ತಿರ ಗಕ್ಕನೆ ನಿಂತಿತು. ಕ್ಷಣಕಾಲ ಅಲ್ಲೇ ನಡುಗಿತು. ಆಮೇಲೆ ಬಂದ ದಾರಿಯಲ್ಲೇ ಹಿಂದಕ್ಕೆ ತಿರುಗಿ, ಕರೆಂಟಿನ ಹತ್ತು ರೊಟ್ಟಿಹಂಚುಗಳ ಮೇಲೆ ಹತ್ತು ಕವಲಾಗಿ ಹರಡಿಕೊಂಡಿತು.

ಪಲ್ಲವಕ್ಕ ಒಂದು ಹೆಜ್ಜೆ ಹಿಂದೆ ಸರಿದಳು. ಡಾ. ತಸ್ಲೀಮಾ ನದಾಫ ಹಿಡಿದಿದ್ದ ಹಾಳೆಯಂಥ ತೆಳು ಪರದೆಯ ಮೇಲೆ ಕಾಣುತ್ತಿದ್ದುದು ಪಲ್ಲವಕ್ಕನದೇ ಮನೆ, ಬೆಟಗೇರಿಯಲ್ಲಿರುವ ಅವಳದೇ ರೊಟ್ಟಿ ಶೆಡ್ಡು. ಆ ಹಂಚುಗಳ ಮುಂದೆ ದಿನಾ ಕೂಡುವವರು ಹತ್ತು ಜನ ಹೆಣ್ಣುಮಕ್ಕಳು.

"ಇದೇನ್ರೀ ಮೇಡಮ್ಮಾರ! ಮಿಂಚು ಭೂಮಿಗೆ ಹೋಗಬೇಕಿಲ್ಲೋ? ಹಂಚಿಗೆ ಯಾಕ ಬಂತು?"

"ಭೂಮಿಗೆ ದಾರಿ ಸಿಗಲಿಲ್ಲ ಅಕ್ಕಾರ. ದಾರಿ ಸಿಗದಿದ್ರ ಅದು ಸುಮ್ನ ಕೂಡೂದಿಲ್ಲ."

ಅದು ೨೦೫೮ರ ಏಪ್ರಿಲ್. ತಸ್ಲೀಮಾ ಕಂಡುಹಿಡಿದ ಆ ಯಂತ್ರಕ್ಕೆ ಹುಸಿಮಿಂಚು ಎಂದು ಹೆಸರು. ನೈಲಾನ್ ಸೀರೆ ಬಿಚ್ಚುವಾಗ ಚಟಚಟ ಎನ್ನುತ್ತದಲ್ಲ, ಅಷ್ಟೇ ಬಲದ ಒಂದು ಪುಟ್ಟ ವಿದ್ಯುತ್ ಮಿಡಿತವನ್ನು ಅದು ಛಾವಣಿಗೆ ಬಿಡುತ್ತದೆ. ನಿಜವಾದ ಸಿಡಿಲು ಆ ಮನೆಯೊಳಗೆ ಯಾವ ದಾರಿ ಹಿಡಿಯುತ್ತಿತ್ತೋ ಆ ದಾರಿಯನ್ನೇ ಮಿಡಿತವೂ ಹಿಡಿಯುತ್ತದೆ, ಪರದೆ ಅದನ್ನು ನೀಲಿಯಾಗಿ ತೋರಿಸುತ್ತದೆ. ಯಾರಿಗೂ ಏನೂ ಆಗುವುದಿಲ್ಲ, ಹೆದರಿಕೆಯೊಂದನ್ನು ಬಿಟ್ಟು. ಐದಕ್ಕಿಂತ ಹೆಚ್ಚು ಜನ ದುಡಿಯುವ ಮನೆಗಳಿಗೆಲ್ಲ ಈ ಪರೀಕ್ಷೆ ಆಗಲೇಬೇಕೆಂದು ಆ ವರ್ಷ ನಿಯಮ ಬಂದಿತ್ತು. ವೈರಿಂಗ್ ಮಾಡಿದವರೂ ಎದುರಿಗೇ ಇರಬೇಕೆಂದು ಅದೇ ನಿಯಮ ಹೇಳುತ್ತಿತ್ತು.

ಹಾಗಾಗಿ ಪಲ್ಲವಕ್ಕನ ಮೈದುನ ಸಂಗಮೇಶ ಒಂಬತ್ತು ವರ್ಷದ ಮೇಲೆ ಈ ಮನೆಯ ಹೊಸ್ತಿಲು ತುಳಿದಿದ್ದ. ಬಂದವನು ಗೋಡೆಗೆ ಆತು ನಿಂತುಬಿಟ್ಟಿದ್ದ, ಕೊಟ್ಟ ಚಹಾ ಮುಟ್ಟಿರಲಿಲ್ಲ.

ಒಂಬತ್ತು ವರ್ಷದ ಹಿಂದೆ ಭೂಮಿಕಾ ಎಂಬ ಹುಡುಗಿಗೆ ಹಂಚಿನಿಂದ ಕರೆಂಟು ಹೊಡೆದು ಅವಳು ಆಚೆ ಬಿದ್ದಿದ್ದಳು. ಪುಣ್ಯಕ್ಕೆ ಬದುಕಿದಳು, ಈಗಲೂ ಅದೇ ಶೆಡ್ಡಿನಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಪಲ್ಲವಕ್ಕ ಮೈದುನನಿಗೆ ಒಂದು ಮಾತೂ ಬಯ್ಯಲಿಲ್ಲ. ಕರೆಯುವುದನ್ನು ಮಾತ್ರ ಬಿಟ್ಟಳು. ಅವನೂ ಬರುವುದನ್ನು ಬಿಟ್ಟ. ಹಾಗಂತ ಬೇರೆ ಲೈಸೆನ್ಸಿನವರನ್ನು ಕರೆಸಿ ತೋರಿಸಿದಳೇ? ಎಲ್ಲಿಯ ಮಾತು! ಮನೆಯಲ್ಲೇ ವೈರ್‌ಮನ್ ಮೈದುನ ಇರುವಾಗ ಹೊರಗಿನವರು ಬಂದರೆ ಓಣಿಯಲ್ಲಿ ಅವನ ಮರ್ಯಾದೆ ಏನಾಗಬೇಕು? ನಮ್ಮ ಜನರ ಪ್ರೀತಿಯೇ ಹಾಗೆ. ಎದುರು ಕೂತು ಕೇಳುವುದಿಲ್ಲ, ಬಿಟ್ಟುಕೊಡುವುದೂ ಇಲ್ಲ. ಅವಳು ಹಂಚುಗಳ ಮುಂದೆ ಕೂಡುವ ಜಾಗಕ್ಕೆ ರಬ್ಬರ್ ಚಾಪೆ ಹಾಸಿ, ಮಳೆಗಾಲ ಬಂದಾಗಲೆಲ್ಲ ದೇವರಿಗೆ ಎರಡು ದೀಪ ಹೆಚ್ಚಿಗೆ ಹಚ್ಚುತ್ತ ದಿನ ದೂಡಿದ್ದಳು.

"ಅರ್ಥಿಂಗ್ ತಂತಿ ಎಲ್ಲಿಗೆ ಕಟ್ಟೀರಿ ಅಣ್ಣಾರ?" ತಸ್ಲೀಮಾ ಕೇಳಿದಳು.

"ಬಚ್ಚಲದ ನೀರಿನ ಪೈಪಿಗ್ರೀ," ಸಂಗಮೇಶನ ದನಿ ಬಾವಿಯೊಳಗಿಂದ ಬಂದಂತಿತ್ತು. "ಕಬ್ಬಿಣದ ಪೈಪು. ಭೂಮಿಯೊಳಗ ನಲವತ್ತು ಫೂಟು ಹೋಗಿತ್ತು. ಆವಾಗ ಹಂಗ ಕಟ್ಟತಿದ್ವಿ."

"ಅದೂ ಪೂರಾ ಸರಿಯಲ್ಲ. ಅದಕ್ಕ ಬ್ಯಾರೇನ ಗುಂಡಿ ಬೇಕು. ಆದ್ರೂ ಇಷ್ಟು ಕೆಟ್ಟಂಗ ಬರಬಾರದಿತ್ತಲ್ಲ."

ಅವಳ ಜೊತೆ ಬಂದಿದ್ದ ಕೆಲಸಗಾರರು ಬಚ್ಚಲಿನ ಮೂಲೆಯ ಒಂದು ಟೈಲ್ಸ್ ಎಬ್ಬಿಸಿದರು. ಅರ್ಥಿಂಗ್ ತಂತಿ ಗೇಣುದ್ದದ ಕಬ್ಬಿಣದ ತುಂಡಿಗೆ ಭದ್ರವಾಗಿ ಕಟ್ಟಿಕೊಂಡೇ ಇತ್ತು. ಅದರಿಂದ ಕೆಳಗೆ ಬಿಳಿ ಪ್ಲಾಸ್ಟಿಕ್ ಪೈಪು. ಪ್ಲಾಸ್ಟಿಕ್‌ನಲ್ಲಿ ನೀರು ಹೋದೀತು, ಕರೆಂಟು ಹೋಗುವುದಿಲ್ಲ.

"ಈ ಪೈಪು ಯಾರು ಬದಲಿ ಮಾಡಿಸಿದ್ರು?"

ಪಲ್ಲವಕ್ಕ ಬಗ್ಗಿ ಆ ಬಿಳಿ ಪೈಪನ್ನು ನೋಡಿದಳು. ಮಾಡಿಸಿದವಳು ತಾನೇ. ಹನ್ನೊಂದು ವರ್ಷದ ಹಿಂದೆ, ಬಚ್ಚಲಿಗೆ ಟೈಲ್ಸ್ ಹಾಕಿಸುವಾಗ, ತುಕ್ಕು ಹಿಡಿದ ಪೈಪು ಕೀಳಿಸಿ ಹೊಸದು ಹಾಕಿಸಿದ್ದಳು. ಸಂಗಮೇಶನಿಗೆ ಹೇಳಬೇಕೆಂದು ಅನಿಸಿಯೇ ಇರಲಿಲ್ಲ. ನೀರಿನ ಕೆಲಸಕ್ಕೂ ಕರೆಂಟಿನವನಿಗೂ ಏನು ಸಂಬಂಧ?

"ನಾನ," ಎಂದಳು. "ನಾನ ಮಾಡಿಸೇನಿ. ಸಂಗಮೇಶ, ನಿಂದೇನೂ ತಪ್ಪಿಲ್ಲೋ ಯಪ್ಪಾ."

ಐವತ್ತು ದಾಟಿದ ಆ ಗಂಡಸು ಕಟ್ಟೆಯ ಮೇಲೆ ಕುಸಿದು ಕೂತು, ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತ. "ಒಂಬತ್ತು ವರ್ಷ ನಿದ್ದಿ ಮಾಡಿಲ್ಲ ವೈನೀ. ಆ ಹುಡುಗೀನ್ನ ನಾನ ಕೊಲ್ಲಾಕ ಹೊಂಟಿದ್ದೆ ಅನ್ಕೊಂಡಿದ್ದೆ."

"ನನ್ನ ಹೆಸರಿಲೆ ಇನ್ನ ಯಾರೂ ಅಳಬ್ಯಾಡ್ರಿ," ಎಂದು ಭೂಮಿಕಾ ಒಳಗಿನಿಂದಲೇ ಕೂಗಿದಳು. "ನಾ ಗಟ್ಟಿಮುಟ್ಟಾಗೇ ಅದೀನಿ. ಚಹಾ ಆರ್ತು, ಕುಡೀರಿ ಅಣ್ಣಾರ!"

ನಗು ಬಂದಿತು, ಅಳುವಿನ ನಡುವೆಯೇ. ಸಂಗಮೇಶ ಆರಿದ ಚಹಾವನ್ನೇ ಗಟಗಟ ಕುಡಿದು ಕೆಲಸಗಾರರ ಜೊತೆ ಗುದ್ದಲಿ ಹಿಡಿದ. ಅಂಗಳದ ಮೂಲೆಯಲ್ಲಿ ಆಳಕ್ಕೆ ಗುಂಡಿ ತೋಡಿ, ತಾಮ್ರದ ಸರಳು ಇಳಿಸಿ, ಇದ್ದಿಲು ಉಪ್ಪು ತುಂಬಿದರು. ಛಾವಣಿಯ ಮೇಲೆ ಸಿಡಿಲುಕಂಬ ನಿಲ್ಲಿಸಿ, ಅಲ್ಲಿಂದ ಗುಂಡಿಯವರೆಗೆ ತಾಮ್ರದ ಪಟ್ಟಿ ಎಳೆದರು. ಸಂಜೆ ಮತ್ತೆ ಹುಸಿಮಿಂಚು ಬಿಟ್ಟಾಗ ನೀಲಿ ಗೆರೆ ಎಲ್ಲೂ ನಿಲ್ಲದೆ, ಯಾರ ಕಡೆಗೂ ನೋಡದೆ, ನೆಟ್ಟಗೆ ಭೂಮಿಗೆ ಇಳಿದುಹೋಯಿತು.

"ಆದ್ರೂ ಗುಡುಗು ಕೇಳಿದ ಕೂಡ್ಲೇ ಹಂಚು ಬಂದ್ ಮಾಡಿ ಎಲ್ಲಾರೂ ಒಳಗ ಬರಬೇಕು," ಎಂದು ತಸ್ಲೀಮಾ ಹತ್ತು ಸಲ ಹೇಳಿ ಹೋದಳು.

ಆರನೆಯ ದಿನ ಮಧ್ಯಾಹ್ನ ಮೂರರ ಹೊತ್ತಿಗೆ ಬಂದಿತು ನೋಡಿ ಬೇಸಿಗೆಯ ಅಡ್ಡಮಳೆ. ಮೊದಲ ಗುಡುಗಿಗೇ ಪಲ್ಲವಕ್ಕ ಮೇನ್ ಸ್ವಿಚ್ಚು ಇಳಿಸಿ ಎಲ್ಲರನ್ನೂ ಪಡಸಾಲೆಗೆ ಎಳೆದಳು. ಅವರು ಕೂತು ಕೈಯ ಹಿಟ್ಟು ಒರೆಸಿಕೊಳ್ಳುತ್ತಿದ್ದಂತೆ ಮನೆಯೇ ಸೀಳಿತೆನ್ನುವಂಥ ಸದ್ದು. ಕಿಟಕಿಗಳೆಲ್ಲ ಬೆಳ್ಳಗಾದವು. ಯಾರೋ ಚೀರಿದರು. ಆಮೇಲೆ ಮಳೆಯ ಸದ್ದೊಂದೇ.

ಪಲ್ಲವಕ್ಕ ತಲೆ ಎಣಿಸಿದಳು. ಹತ್ತು. ನಂಬಿಕೆಯಾಗದೆ ಮತ್ತೆ ಎಣಿಸಿದಳು. ಹತ್ತೇ. ಸಂಗಮೇಶ ತೊಯ್ದು ತೊಪ್ಪೆಯಾಗಿ ಓಡಿಬಂದಾಗ ಅವಳು ನೆಲದ ಮೇಲೆ ಕೂತು ಜೋರಾಗಿ ನಗುತ್ತಿದ್ದಳು. ಅಷ್ಟು ಹಗುರಾಗಿತ್ತು ಜೀವ.

ಮರುದಿನ ಸಿಡಿಲು ಬಡಿದ ಕಂಬ ನೋಡಲು ಬಂದ ತಸ್ಲೀಮಾಗೆ ಬಿಸಿರೊಟ್ಟಿ ಬಡಿಸುತ್ತ ಪಲ್ಲವಕ್ಕ ಅಂದಳು: "ನಮ್ಮ ಅವ್ವನ ಕಾಲಕ್ಕ ನಿಮ್ಮ ಯಂತ್ರ ಇರಬೇಕಿತ್ರೀ. ಎಷ್ಟು ಜೀವ ಉಳೀತಿದ್ವೋ."

ತಸ್ಲೀಮಾ ಮುರಿದ ರೊಟ್ಟಿಯನ್ನು ತಟ್ಟೆಗೆ ಇಳಿಸಿದಳು. "ಖರೇ ಹೇಳ್ಲೇನು ಅಕ್ಕಾರ? ನಿಮ್ಮ ಮನೀ ತಪ್ಪು ಹಿಡಿಯಾಕ ನನ್ನ ಯಂತ್ರ ಬೇಕಿದ್ದಿಲ್ಲ. ಅರ್ಥಿಂಗ್ ಅಳೆಯೋ ಮೀಟರು ನಿಮ್ಮ ಅವ್ವನ ಕಾಲಕ್ಕೂ ಇತ್ತು. ಅದನ್ನ ಬಲ್ಲ ಲೈಸೆನ್ಸಿನ ಮಂದೀನೂ ಇದ್ರು. ಒಂದು ಫೋನ್ ಹಚ್ಚಿದ್ರ ಬಂದು ನೋಡಿ ಹೋಗ್ತಿದ್ರು."

"ಮತ್ತ ಯಾಕ ಬರಲಿಲ್ಲ?"

"ಯಾರೂ ಕರೀಲಿಲ್ಲ."

ಪಲ್ಲವಕ್ಕನಿಗೆ ಅವ್ವನ ಅಡಿಗೆಮನೆ ಕಣ್ಣಿಗೆ ಕಟ್ಟಿತು. ೨೦೨೫ರ ಸುಮಾರಿನ ಒಂದು ಸಾಧಾರಣ ಮಧ್ಯಾಹ್ನ. ಅವ್ವ ಮಿಕ್ಸರ್ ಮುಟ್ಟಿದಳು, ಕೈ ಜುಮ್ಮೆಂದಿತು. "ಏನಿಲ್ಲ, ಸ್ವಲ್ಪ ಹೊಡೀತು," ಎಂದು ಕೈ ಕೊಡವಿಕೊಂಡು, ಕಾಲಿಗೆ ಚಪ್ಪಲಿ ಮೆಟ್ಟಿ, ಮತ್ತೆ ಅದೇ ಸ್ವಿಚ್ಚಿಗೆ ಕೈ ಚಾಚಿದಳು.