ಕರೆಂಟಿಲ್ಲದ ನಾಲ್ಕು ದಿನದ ಅಳತೆ

೨೦೦೭ರ ಮಾರ್ಚ್ ೧೨, ಸೋಮವಾರ ಬೆಳಿಗ್ಗೆ ೯.೪೦. ಹಳೇಬೀಡು ಠಾಣೆಗೆ ಬಂದ ಎಂ.ಟೆಕ್ ವಿದ್ಯಾರ್ಥಿನಿ ಮಾಲಿನಿ ಕುರ್ಚಿ ತೋರಿಸಿದರೂ ಕೂರಲಿಲ್ಲ. ಬಸ್ತಿಹಳ್ಳಿಯ ಬಾಡಿಗೆ ಕೋಣೆಯಲ್ಲಿದ್ದ ಅವಳ ಕಂಪ್ಯೂಟರಿನಿಂದ ಹಾರ್ಡ್ ಡಿಸ್ಕ್ ಕಳವಾಗಿತ್ತು.

"ಅದರಲ್ಲಿ ಏನಿತ್ತಮ್ಮ?" ಪಿಎಸ್ಐ ಹನುಮಂತಯ್ಯ ಕೇಳಿದರು.

"ಮೂರು ತಿಂಗಳ ಅಳತೆ ಸಾರ್. ಗುರುವಾರ ಪ್ರಬಂಧ ಕೊಡಬೇಕು. ತಪ್ಪಿದ್ರೆ ಒಂದು ವರ್ಷ ಹೋಯ್ತು."

ಅರಸೀಕೆರೆ ಮಾರುಕಟ್ಟೆಯ ಕೊಬ್ಬರಿ ಧಾರಣೆಯನ್ನು ಇಂಟರ್ನೆಟ್ಟಿನಲ್ಲಿ ತರಿಸಿಕೊಳ್ಳಲು ಸೋಪ್, ರೆಸ್ಟ್ ಎಂದು ಎರಡು ವಿಧಾನ. ಎರಡರಲ್ಲೂ ದಿನಕ್ಕೆ ನೂರು ಸಲ ಕೇಳಿ, ಉತ್ತರ ಬರಲು ಹಿಡಿದ ಹೊತ್ತನ್ನು ಅಳೆದು ಹೋಲಿಸುವುದು ಅವಳ ಕೆಲಸ. ಇಷ್ಟನ್ನು ಎಫ್ಐಆರ್‌ಗೆ ಇಳಿಸುವಷ್ಟರಲ್ಲಿ ರೈಟರ್ ಷಡಕ್ಷರಪ್ಪನಿಗೆ ಸಾಕುಸಾಕಾಯಿತು.

೧೧.೩೦ಕ್ಕೆ ಸ್ಥಳ ಪಂಚನಾಮೆ. ಬೀಗ ಒಡೆದಿರಲಿಲ್ಲ. ಬಿಚ್ಚಿದ ಸ್ಕ್ರೂಗಳನ್ನು ಯಾರೋ ಲೋಟದಲ್ಲಿ ಜೋಪಾನವಾಗಿ ಹಾಕಿಟ್ಟಿದ್ದರು.

"ಇನ್ನೊಂದು ಬೀಗದ ಕೈ?"

"ಸಹಾಯಕ ಲೋಕೇಶ್ ಹತ್ರ. ನಾನು ಅರಸೀಕೆರೇಲೇ ಇದ್ದು ಅಲ್ಲಿನ ಕಡೆ ನೋಡ್ಕೋತೀನಿ, ಇಲ್ಲಿ ಅಳೆದು ಬರೆಯೋದು ಅವರೇ. ತುಂಬ ನಂಬಿಕಸ್ಥರು ಸಾರ್."

ಗೋಡೆಯ ಮೇಲಿದ್ದ, ಒಂದು ದಿನವೂ ಖಾಲಿಯಿಲ್ಲದ ಫೆಬ್ರವರಿಯ ಅಳತೆ ಪಟ್ಟಿಯನ್ನು ಕಾನ್‌ಸ್ಟೆಬಲ್ ದ್ಯಾವಯ್ಯ ನೋಡುತ್ತ ನಿಂತಿದ್ದ. ಅವನು ಬಸ್ತಿಹಳ್ಳಿಯವನೇ.

"ಸಾ, ಹತ್ತೊಂಬತ್ತರಿಂದ ನಾಕ್ ದಿನ ನಮ್ಮೂರಾಗೆ ಟ್ರಾನ್ಸ್‌ಫಾರ್ಮರ್ ಸುಟ್ಟೋಗಿತ್ತು. ಕರೆಂಟೇ ಇಲ್ದೆ ಇದೆಂಗ್ ಅಳುದ್ರು?"

ಹನುಮಂತಯ್ಯ ಜೀಪಿನತ್ತ ನಡೆದರು. ಮಧ್ಯಾಹ್ನ ೧.೧೫ಕ್ಕೆ ಮಾದಿಹಳ್ಳಿಯ ಲೋಕೇಶನ ಮನೆ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅನ್ನುತ್ತಾರೆ. ಇವರು ಏನೂ ಕೇಳುವ ಮೊದಲೇ ಲೋಕೇಶ್ ಅಕ್ಕಿ ಡಬ್ಬಕ್ಕೆ ಕೈಹಾಕಿ, ಟವೆಲಿನಲ್ಲಿ ಸುತ್ತಿದ್ದ ಡಿಸ್ಕನ್ನು ತಂದುಕೊಟ್ಟ. ಒಳಗೆ ಎಳೆಗೂಸು ಅಳುತ್ತಿತ್ತು.

"ಆ ನಾಲ್ಕು ದಿನ ಎಲ್ಲಿದ್ದೆ?"

"ಹಾಸನದ ಆಸ್ಪತ್ರೇಲಿ. ಹೆಂಡ್ತಿ ಲಾವಣ್ಯಂಗೆ ಹೆರಿಗೆ ಕಷ್ಟ ಆಗಿತ್ತು. ಕೆಲಸ ಹೋಗುತ್ತೆ ಅಂತ ಅಂದಾಜಲ್ಲಿ ತುಂಬಿಸ್ಬಿಟ್ಟೆ. ಕರೆಂಟ್ ಹೋಗಿದ್ದೂ ಗೊತ್ತಿರ್ಲಿಲ್ಲ. ಆ ಸುಳ್ಳು ಮೇಡಂ ಹೆಸರಲ್ಲಿ ಹೋಗ್ಬಾರ್ದು ಅನ್ನಿಸ್ತು. ಹೇಳೋಕೆ ಬಾಯಿ ಬರ್ಲಿಲ್ಲ, ಅದಕ್ಕೇ ಡಿಸ್ಕ್ ಬಿಚ್ಕೊಂಡ್ ಬಂದೆ."

"ಒಡೆದು ಹಾಕಬಹುದಿತ್ತಲ್ಲ?"

"ಮಿಕ್ಕ ದಿನದ್ದೆಲ್ಲ ನಿಜ ಸಾರ್."

ಹನುಮಂತಯ್ಯ ಕೂಸಿನ ಅಳು ಬರುತ್ತಿದ್ದ ಕಡೆ ಒಮ್ಮೆ ನೋಡಿದರು. ಆದರೂ ಕಾನೂನು ಕಾನೂನೇ, ೨.೦೫ಕ್ಕೆ ಬಂಧನ. ಮಾಲಿನಿಗೆ ಡಿಸ್ಕಿನ ನಕಲು ಕೊಡಲು ಅನುಮತಿ ಬೇಡಿ ಕೋರ್ಟಿಗೆ ಅಂದೇ ಪತ್ರ ಬರೆದರು.

ಠಾಣೆಯಲ್ಲಿ ಮಾಲಿನಿ ಅವನನ್ನು ಬಯ್ಯಲಿಲ್ಲ. "ಆ ನಾಲ್ಕು ದಿನ ಖಾಲಿ ಬಿಟ್ಟಿದ್ರೆ ಆಗ್ತಿತ್ತಲ್ರೀ ಲೋಕೇಶ್," ಅಂದಳು.

ಬುಧವಾರ ಅನುಮತಿ ಸಿಕ್ಕಿತು. ಗುರುವಾರ ಅವಳು ಒಪ್ಪಿಸಿದ ಪ್ರಬಂಧದ ಫೆಬ್ರವರಿ ಪಟ್ಟಿಯಲ್ಲಿ ನಾಲ್ಕು ಸಾಲು ಖಾಲಿ ಇದ್ದವು. ಯಾಕೆಂದು ಯಾರೂ ಕೇಳಲಿಲ್ಲ.