ಫೇಲ್ ಆಗಬಲ್ಲ ಟೆಸ್ಟ್

ಮೂರು ಗಂಟೆಗೆ ನನ್ನ ಪರದೆಯ ಮೇಲೆ ಅವರ ಟಿಪ್ಪಣಿ ಬಂತು: ‘ಈ ಟೆಸ್ಟ್ ಯಾವತ್ತೂ ಫೇಲ್ ಆಗೋದಿಲ್ಲ. ನಿಮಗೆ ಏನು ಬೇಕು ಅಂತ ಸ್ಪಷ್ಟವಾಗಿ ಬರೀರಿ.’

ಎರಡು ಸಲ ಓದಿದೆ.

ಅವರು ನಮ್ಮ ತಂಡದಲ್ಲಿ ಎಲ್ಲರ ಕೋಡ್ ಪರಿಶೀಲಿಸುವವರು. ಸಾಲಿಗೊಂದು ಕೊಕ್ಕೆ ತೆಗೆಯುವುದರಿಂದ ‘ಕೊಕ್ಕೆ ಸಾಹೇಬರು’ ಎಂದೇ ಹೆಸರು. ಲೈಬ್ರರಿಯಲ್ಲಿ ಪುಸ್ತಕ ಹುಡುಕಿಕೊಡುವ ಸಾಫ್ಟ್‌ವೇರ್ ನಮ್ಮದು. ‘ಹಳದಿ ಛತ್ರಿ’ ಎಂದು ಹುಡುಕಿದರೆ ಆ ಹೆಸರಿನ ಕಥೆಪುಸ್ತಕವೇ ಮೊದಲು ಬರಬೇಕು. ಹುಡುಕಾಟ ಸರಿಯಾಗಿ ನಡೆಯುತ್ತಿದೆಯೇ ಎಂದು ತಾನೇ ಪರೀಕ್ಷಿಸಲು ನಾನು ಬರೆದಿದ್ದ ಟೆಸ್ಟ್ ಕೇಳುತ್ತಿದ್ದುದು ಇಷ್ಟೇ: ಏನಾದರೂ ಬಂತೇ? ಯಾವ ಪುಸ್ತಕ ಬಂದರೂ ಅದಕ್ಕೆ ಸೈ.

ಬೆಳಿಗ್ಗೆ ಕಾಫಿ ಯಂತ್ರದ ಬಳಿ, ಲೋಟದ ಅಂಚನ್ನೇ ನೋಡುತ್ತ ಅವರು ಕೇಳಿದ್ದರು, “ಬೇರೆ ಊರಿನ ಆಫೀಸಿಗೆ ಕರೀತಿದಾರೆ. ಐದು ಗಂಟೆಯೊಳಗೆ ಉತ್ತರ ಕೊಡಬೇಕು. ಹೋಗ್ಲಾ?”

ಎರಡು ವರ್ಷದಿಂದ ಇವರ ಟಿಪ್ಪಣಿ ಬರಲೆಂದೇ ಕೋಡಿನಲ್ಲಿ ಒಂದೆರಡು ತಪ್ಪು ಉಳಿಸುತ್ತಿದ್ದ ನಾನು, “ನಿಮ್ಮಿಷ್ಟ” ಎಂದು ಬಂದುಬಿಟ್ಟಿದ್ದೆ. ನನ್ನ ಬಾಯಿಗೆ ಏನಾಗಿತ್ತೋ!

ಅಕ್ಕನಿಗೆ ಫೋನ್ ಮಾಡಿದರೆ ಬೈದಳು. “ಹೂಂ ಅಂತಾನೂ ಅನ್ನಲ್ಲ, ಊಹೂಂ ಅಂತಾನೂ ಅನ್ನಲ್ಲ. ಅವರಿಗೇನು ಕನಸು ಬೀಳುತ್ತಾ?”

ನಾಲ್ಕೂವರೆ. ಟೆಸ್ಟ್ ತಿದ್ದಿದೆ: ಮೊದಲು ಬರುವುದು ‘ಹಳದಿ ಛತ್ರಿ’ಯೇ ಆಗಿರಬೇಕು. ಓಡಿಸಿದೆ. ಕೆಂಪು, ಅಂದರೆ ಫೇಲ್! ಛತ್ರಿ ರಿಪೇರಿಯ ಕೈಪಿಡಿಯೊಂದು ಮೇಲೆ ಹೋಗಿ ಕುಳಿತಿತ್ತು. ಇಷ್ಟು ದಿನ ಹಸಿರು ತೋರಿಸಿ ನನ್ನ ಟೆಸ್ಟೇ ನನ್ನ ಕಣ್ಣಿಗೆ ಮಣ್ಣೆರಚಿತ್ತು.

ಎದ್ದು ಅವರ ಮೇಜಿಗೆ ಹೋದೆ. ಪರದೆಯಲ್ಲಿ ಅರ್ಧ ಬರೆದ ಒಪ್ಪಿಗೆ ಪತ್ರವಿತ್ತು.

“ಟೆಸ್ಟ್ ಫೇಲ್ ಆಯ್ತು.”

“ಒಳ್ಳೇದಾಯ್ತಲ್ಲ. ಎಲ್ಲಿ ತಪ್ಪಿದೆ ಅಂತ ಈಗ ಗೊತ್ತಾಗುತ್ತೆ.”

“ಬೇಕಾದ್ದನ್ನ ಸ್ಪಷ್ಟವಾಗಿ ಬರೆದ್ರೆ ಫೇಲ್ ಆಗಿಬಿಡುತ್ತೆ ಅಂತ ನಂಗೆ ಭಯ.”

ಅವರು ಕನ್ನಡಕ ತೆಗೆದರು. ಆ ಕಣ್ಣುಗಳು ಇಷ್ಟು ದಣಿದಿವೆಯೆಂದು ನನಗೆ ಗೊತ್ತೇ ಇರಲಿಲ್ಲ.

“ನಂಗೂ ಭಯಾನೇ. ಅದಕ್ಕೇ ಬೆಳಿಗ್ಗೆ ‘ಹೋಗ್ಲಾ’ ಅಂತ ಕೇಳ್ದೆ. ‘ನಿಮಗೋಸ್ಕರ ಇರ್ಲಾ’ ಅಂತ ಕೇಳೋಕೆ ಧೈರ್ಯ ಬರ್ಲಿಲ್ಲ.”

“ಹೋಗ್ಬೇಡಿ,” ಎಂದೆ. “ನೀವು ಇಲ್ಲೇ ಇರ್ಬೇಕು, ನನ್ನ ಜೊತೆ. ನೀವಂದ್ರೆ ನಂಗೆ ಪ್ರಾಣ. ಸ್ಪಷ್ಟವಾಯ್ತಾ, ಕೊಕ್ಕೆ ಸಾಹೇಬ್ರೇ?”

ಅವರು ಪತ್ರವನ್ನು ಅಳಿಸಿದರು. ‘ಬರಲು ಆಗುವುದಿಲ್ಲ’ ಎಂದು ಬರೆದು ಕಳಿಸಿದರು. ಐದಕ್ಕೆ ಇನ್ನೂ ಏಳು ನಿಮಿಷವಿತ್ತು. ಆಮೇಲೆ ನನ್ನತ್ತ ತಿರುಗಿದರು, ಕಿವಿಯವರೆಗೂ ಕೆಂಪಾಗಿದ್ದರು.

“ಒಂದೇ ಒಂದು ಟಿಪ್ಪಣಿ ಇದೆ.”

“ಏನು?”

“ಎರಡು ವರ್ಷದಿಂದ ಕೋಡಲ್ಲಿ ಆ ತಪ್ಪುಗಳನ್ನ ಬೇಕಂತಲೇ ಬಿಡ್ತಿದ್ರಿ ಅಂತ ನಂಗೆ ಗೊತ್ತಿತ್ತು. ನಿಲ್ಲಿಸ್ಬೇಡಿ.”